ಸಮುದ್ರಕ್ಕೂ ಹದ ಅಂತ ಇರುತ್ತೆ

ನಿನ್ನೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿನಲ್ಲಿ ಓದಿ.

ನಿನ್ನೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಅಣ್ಣನ ಮಗ ಮತ್ತು ಅವನ ಹೆಂಡತಿ ಗದಗಿನಿಂದ ಬಂದಿದ್ದರು. ಮೇ ತಿಂಗಳಲ್ಲಿ ಮದುವೆಯಾಯಿತಲ್ಲ, ಅವರೇ. ನಿಮ್ಮಲ್ಲಿ ಎಷ್ಟೋ ಜನ ಊಟಕ್ಕೆ ಬಂದಿದ್ದಿರಿ. ಜುಲೈಯಲ್ಲಿ ಎಲ್ಲಾದರೂ ಹೋಗಿ ಸ್ಕೂಬಾ ಮಾಡಬೇಕು, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯಬೇಕು ಅಂತ ಇಬ್ಬರಿಗೂ ಆಸೆ. "ಅತ್ತೀ, ನೀನೂ ಬಾ, ನಿನಗ ಇದೆಲ್ಲಾ ಗೊತ್ತೈತಲ್ಲ" ಅಂತ ಹುಬ್ಬಳ್ಳಿಯ ಒಂದು ಟ್ರಾವೆಲ್ ಆಫೀಸಿಗೆ ಕರೆದುಕೊಂಡು ಹೋದರು. ನನಗೂ ಖುಷಿ. ನಮ್ಮ ಮನೆಯಲ್ಲಿ ನನ್ನ ಬಿಟ್ಟು ಇನ್ನೊಬ್ಬರು ನೀರಿಗಿಳಿಯುತ್ತಾರೆ ಅಂದರೆ ಸಣ್ಣ ಮಾತೇ?

ಅಲ್ಲಿ ಟೇಬಲ್ ಮೇಲೆ ಒಂದು ಬಣ್ಣದ ಹಾಳೆ. 'ವಿಶ್ವದ ಟಾಪ್ 10 ಸ್ಕೂಬಾ ತಾಣಗಳು.' ಮೇಲೆ ಬೆಲೀಜ್ ದೇಶದ ಬ್ಲೂ ಹೋಲ್ ಫೋಟೋ. ಅದರ ಕೆಳಗೆ ಗಲಾಪಗೋಸ್, ಐಸ್‌ಲ್ಯಾಂಡ್, ಮಾಲ್ಡೀವ್ಸ್, ಕೊನೆಗೆ ನಮ್ಮ ಅಂಡಮಾನ್. ನಮ್ಮ ಹುಡುಗನ ಬಜೆಟ್ ಕೇಳಿ ಅವರು ಅಂಡಮಾನ್ ಪ್ಯಾಕೇಜ್ ತೆಗೆದರು. ಜುಲೈ ಎರಡನೇ ವಾರ, ಐದು ದಿನ. ಐದನೇ ದಿನ ಬೆಳಗ್ಗೆ ಹ್ಯಾವ್‌ಲಾಕ್ ದ್ವೀಪದಲ್ಲಿ ಸ್ಕೂಬಾ, ಆಮೇಲೆ ದೋಣಿ ಹತ್ತಿ ಪೋರ್ಟ್ ಬ್ಲೇರ್, ಅವತ್ತೇ ವಿಮಾನ.

ನಾನು ಕೇಳಿದೆ, ಜುಲೈಯಲ್ಲಿ ಅಲ್ಲಿ ಮಳೆ ಅಲ್ವಾ ಅಂತ. ಅವರು ತಲೆ ಎತ್ತದೇ ಹೇಳಿದರು, "ಮೇಡಂ, ಸಮುದ್ರಕ್ಕ ಸೀಸನ್ ಎಲ್ಲೀದ್ರಿ? ನೀರು ಹನ್ನೆರಡೂ ತಿಂಗಳು ಇರ್ತಾವ."

ಈ ಮಾತು ನನಗೆ ತಡೆಯಲಿಲ್ಲ. ಗದಗಿನಲ್ಲಿ ನಮ್ಮ ಅಣ್ಣ ಎರಿ ಹೊಲ ಮಾಡುತ್ತಾನೆ. ಹೊಲ ಹನ್ನೆರಡೂ ತಿಂಗಳು ಇರುತ್ತೆ. ಹಾಗಂತ ದೀಪಾವಳಿಗೆ ಹೆಸರು ಬಿತ್ತುತ್ತಾನಾ? ಮಿರಗದ ಮಳೆ ಆದಮೇಲೂ ಹೊಲಕ್ಕೆ ಹೋಗಿ ಮಣ್ಣು ಹಿಡಿದು ನೋಡುತ್ತಾನೆ. ಹದ ಬಂದಿಲ್ಲ ಅಂದರೆ ಇನ್ನೆರಡು ದಿನ ಕಾಯುತ್ತಾನೆ. ಅಂಥವನ ಮಗನಿಗೆ ಸಮುದ್ರಕ್ಕೆ ಹದ ಇಲ್ಲ ಅಂತ ಹೇಳುತ್ತಿದ್ದಾರೆ!

ನೈಋತ್ಯ ಮಾನ್ಸೂನ್ ಕೇರಳಕ್ಕೆ ಬರುವುದು ಜೂನ್ 1ರ ಆಸುಪಾಸು. ಅದಕ್ಕೂ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನಿಗೆ ಬಂದಿರುತ್ತೆ. ಜುಲೈಯಲ್ಲಿ ಅಲೆ ಜೋರು, ಮಳೆ ನೀರಿನ ಜೊತೆ ಮಣ್ಣು ಹರಿದು ಬಂದು ಸಮುದ್ರ ಮಬ್ಬಾಗಿರುತ್ತೆ. ನಡುವೆ ಒಂದೆರಡು ಒಳ್ಳೆಯ ದಿನ ಸಿಗಬಹುದು. ಆದರೆ ಇರುವ ಐದು ದಿನದಲ್ಲಿ ಒಂದೇ ಬೆಳಗ್ಗೆಯನ್ನು ಸ್ಕೂಬಾಗೆ ಇಟ್ಟುಕೊಂಡವರು ಆ ಒಳ್ಳೆಯ ದಿನವನ್ನು ಎಲ್ಲಿಂದ ತರಬೇಕು? ಜನವರಿಯಿಂದ ಏಪ್ರಿಲ್ ನಡುವೆ ಅದೇ ಹ್ಯಾವ್‌ಲಾಕ್‌ಗೆ ಹೋಗಿ ನೋಡಿ. ಈಗ ಅದರ ಹೆಸರು ಸ್ವರಾಜ್ ದ್ವೀಪ. ಅದೇ ಜಾಗ, ಅದೇ ಖರ್ಚು, ಕಾಣುವುದೇ ಬೇರೆ.

ಇನ್ನು ಆ ಐದನೇ ದಿನದ ವಿಷಯ. ನನಗೆ ನಿಜವಾಗಿ ಭಯ ಆಗಿದ್ದು ಅದಕ್ಕೆ.

ಸಿಲಿಂಡರ್‌ನಲ್ಲಿ ಇರುವುದು ಆಮ್ಲಜನಕ ಅಂತ ತುಂಬಾ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿ ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಹೆಚ್ಚಿನ ಪಾಲು ನೈಟ್ರೋಜನ್. ಪ್ರತಿ 10 ಮೀಟರ್ ಕೆಳಗೆ ಹೋದ ಹಾಗೆ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಬೀಳುತ್ತೆ. ಆ ಒತ್ತಡದಲ್ಲಿ ನೈಟ್ರೋಜನ್ ರಕ್ತದಲ್ಲಿ ಕರಗುತ್ತೆ. ನಿಧಾನಕ್ಕೆ ಮೇಲೆ ಬಂದು ಸುಮ್ನೆ ಕೂತರೆ ತಾನಾಗೇ ಹೊರಗೆ ಹೋಗುತ್ತೆ. ಬೇಗ ಎತ್ತರಕ್ಕೆ ಹೋದರೆ? ಗೋಲಿ ಸೋಡಾ ನೆನಪಿದೆಯಲ್ಲ, ಗೋಲಿ ಒತ್ತಿದ ತಕ್ಷಣ ಗುಳ್ಳೆ ಹೇಗೆ ಏಳುತ್ತೆ? ಹಾಗೆ ಮೈಯೊಳಗೆ ಏಳಬಹುದು. ಕೀಲಿನಲ್ಲಿ ಎದ್ದರೆ ನೋವು. ಬೆನ್ನುಹುರಿಯಲ್ಲಿ ಎದ್ದರೆ ಕೈಕಾಲು ಹೋಗಬಹುದು. ಅದಕ್ಕೇ ಒಂದು ಡೈವ್ ಮಾಡಿದ್ದರೆ, ಅಂದರೆ ಒಂದೇ ಸಲ ನೀರಿಗಿಳಿದಿದ್ದರೆ ಕನಿಷ್ಠ 12 ಗಂಟೆ, ಜಾಸ್ತಿ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. ಸ್ಕೂಬಾ ಕಲಿತ ಪ್ರತಿಯೊಬ್ಬರಿಗೂ ಗೊತ್ತಿರುವ ವಿಷಯ ಇದು. ಮಾರುವವರಿಗೆ ಗೊತ್ತಿಲ್ಲ.

ಇದು ವಿಮಾನಕ್ಕಷ್ಟೇ ಅಲ್ಲ ಅಂತ ನನಗೆ ತಿಳಿದದ್ದು ಮುರ್ಡೇಶ್ವರದಲ್ಲಿ. ಅಲ್ಲಿನ ನೇತ್ರಾಣಿ ದ್ವೀಪದ ಹತ್ತಿರ ಎರಡು ಡೈವ್ ಮುಗಿಸಿ ದಂಡೆಗೆ ಬಂದಿದ್ದೆ. ಇನ್‌ಸ್ಟ್ರಕ್ಟರ್ ಚಹಾ ಕೊಡುತ್ತಾ, "ಯಾವ ಊರು ಮೇಡಂ ನಿಮ್ದು? ಇವತ್ತೇ ವಾಪಸ್ಸಾ?" ಅಂತ ಕೇಳಿದರು. ಸುಮ್ನೆ ಮಾತಿಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಧಾರವಾಡ ಅಂದ ಕೂಡಲೇ ಅವರ ಮುಖ ಬದಲಾಯಿತು. "ಇವತ್ತು ಬೇಡ. ಅರಬೈಲ್ ಘಾಟ್ ಹತ್ತಬೇಕಲ್ಲ ನೀವು. ಇಲ್ಲೇ ಉಳಿದು ನಾಳೆ ಹೋಗಿ" ಅಂದರು. ಧಾರವಾಡ ಸಮುದ್ರ ಮಟ್ಟಕ್ಕಿಂತ ಸುಮಾರು 700 ಮೀಟರ್ ಎತ್ತರದಲ್ಲಿದೆ. ದಂಡೆಯಿಂದ ಸಂಜೆಯೊಳಗೆ ಅಷ್ಟು ಎತ್ತರಕ್ಕೆ ಬರುವುದೂ ಲೆಕ್ಕಕ್ಕೆ ಬರುತ್ತೆ. ಎಷ್ಟು ಸಲ ಆ ಘಾಟ್ ಹತ್ತಿ ಇಳಿದಿದ್ದೇನೋ, ಯಾವತ್ತೂ ಹೀಗೆ ಯೋಚನೆ ಮಾಡಿರಲಿಲ್ಲ. ಆ ಪುಣ್ಯಾತ್ಮ ಎರಡು ಪ್ರಶ್ನೆ ಕೇಳಿದರು, ನಾನು ಅವತ್ತು ಅಲ್ಲೇ ಉಳಿದೆ. ನಿನ್ನೆ ಆ ಆಫೀಸಿನಲ್ಲಿ ಒಂದು ಗಂಟೆ ಕೂತರೂ ಈಜು ಬರುತ್ತಾ, ಅಸ್ತಮಾ ಇದೆಯಾ, ಕಿವಿ ಸರಿ ಇದೆಯಾ ಅಂತ ಒಂದು ಪ್ರಶ್ನೆಯೂ ಬರಲಿಲ್ಲ.

ನನ್ನ ಸಿಟ್ಟು ಇದೇ. 'ಅತ್ಯುತ್ತಮ ಜಾಗ ಯಾವುದು' ಅನ್ನುವ ಪ್ರಶ್ನೆಯೇ ತಪ್ಪು. ಯಾರಿಗೆ? ಯಾವ ತಿಂಗಳಲ್ಲಿ? ಎಷ್ಟು ಕಲಿತವರಿಗೆ?

ಆ ಬ್ಲೂ ಹೋಲ್ ತಗೊಳ್ಳಿ. ಸುಮಾರು 300 ಮೀಟರ್ ಅಗಲದ, 120 ಮೀಟರ್‌ಗೂ ಜಾಸ್ತಿ ಆಳದ ನೀಲಿ ಗುಂಡಿ. 1971ರಲ್ಲಿ ಫ್ರಾನ್ಸಿನ ಸಮುದ್ರ ಸಂಶೋಧಕ ಜಾಕ್ ಕುಸ್ಟೋ ತಮ್ಮ ಹಡಗನ್ನು ಅಲ್ಲಿಗೆ ಒಯ್ದ ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯಿತು. ಹಾಳೆಯಲ್ಲಿ ಇರುವ ಫೋಟೋ ಆಕಾಶದಿಂದ ತೆಗೆದದ್ದು. ನೀರಿಗಿಳಿದವರಿಗೆ ಆ ದುಂಡನೆಯ ಆಕಾರ ಕಾಣುವುದಿಲ್ಲ. ಅಲ್ಲಿ ನೋಡಬೇಕಾದದ್ದು ಗುಹೆಯ ಸೂರಿನಿಂದ ಇಳಿಬಿದ್ದ ಸುಣ್ಣಕಲ್ಲಿನ ಕಂಬಗಳು. ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಒಣ ಗುಹೆಯಲ್ಲಿ ಬೆಳೆದವು. ಅವು ಸಿಗುವುದು 40 ಮೀಟರ್ ಹತ್ತಿರ. ಮೊದಲ ಸಲ ಇಳಿಯುವವರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವಂತಿಲ್ಲ. ಓಪನ್ ವಾಟರ್ ಅನ್ನುವ ಮೊದಲ ಹಂತದ ಸ್ಕೂಬಾ ಕೋರ್ಸ್ ಮಾಡಿದವರ ಮಿತಿ 18 ಮೀಟರ್. ಹೊಸಬರು ಅಷ್ಟು ಖರ್ಚು ಮಾಡಿ ಅರ್ಧ ಭೂಮಿ ಸುತ್ತಿ ಹೋಗಿ ನೋಡುವುದೇನು?

ಐಸ್‌ಲ್ಯಾಂಡಿನ ಸಿಲ್ಫ್ರಾ ಕೂಡ ಹಾಗೇ. ಉತ್ತರ ಅಮೆರಿಕದ ಭೂಫಲಕ, ಯುರೇಷಿಯಾದ ಭೂಫಲಕ ಎರಡೂ ದೂರ ಸರಿಯುವ ಜಾಗದ ಬಿರುಕು ಅದು. ನೀರು ಎಷ್ಟು ತಿಳಿ ಅಂದರೆ 100 ಮೀಟರ್ ದೂರದವರೆಗೆ ಕಾಣುತ್ತೆ. ಆದರೆ ನೀರು 2ರಿಂದ 4 ಡಿಗ್ರಿ. ನೀರು ಒಳಗೆ ಬರದಂಥ ಡ್ರೈಸೂಟ್ ಹಾಕಿ ಡೈವ್ ಮಾಡಲು ಬೇರೆ ಅಭ್ಯಾಸ ಬೇಕು. ಗಲಾಪಗೋಸ್‌ನಲ್ಲಿ ಸುತ್ತಿಗೆ ತಲೆಯ ಶಾರ್ಕ್‌ಗಳು ಗುಂಪುಗುಂಪಾಗಿ ಬರುತ್ತವೆ, ಜೊತೆಗೆ ಎಳೆದುಕೊಂಡು ಹೋಗುವ ಸೆಳವೂ ಬರುತ್ತೆ.

ಮಾಲ್ಡೀವ್ಸಿನ ಹನಿಫಾರು ಕೊಲ್ಲಿಯ ಕಥೆ ನನಗೆ ಬಹಳ ಇಷ್ಟ. ನಮ್ಮಲ್ಲಿ ಮಳೆ ತರುವ ಅದೇ ಮಾನ್ಸೂನ್ ಕಾಲದಲ್ಲಿ ಆ ಪುಟ್ಟ ಕೊಲ್ಲಿಯೊಳಗೆ ಸಣ್ಣ ಸಣ್ಣ ಜೀವಿಗಳು ಬಂದು ತುಂಬಿಕೊಳ್ಳುತ್ತವೆ. ಅದನ್ನು ತಿನ್ನಲು ಚಾಪೆಯಷ್ಟು ಅಗಲದ ಮಾಂಟಾ ತೊರಕೆ ಮೀನುಗಳು ಬಾಯಿ ತೆರೆದುಕೊಂಡು ಸುತ್ತುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ. ಪ್ರಪಂಚದಲ್ಲೇ ಇಂಥ ಜಾಗ ಅಪರೂಪ. ಆದರೆ ಅಲ್ಲಿ ಸ್ಕೂಬಾ ನಿಷೇಧ! ಸಿಲಿಂಡರ್ ಗುಳ್ಳೆಗೆ ಮೀನು ಬೆದರುತ್ತವೆ ಅಂತ, ಮೇಲೆ ತೇಲುತ್ತಾ ನೋಡಬೇಕು ಅಷ್ಟೇ. ಹಾಳೆಯಲ್ಲಿ ಮಾಂಟಾ ಫೋಟೋ ಇತ್ತು, ಈ ಮಾತು ಇರಲಿಲ್ಲ.

ಇದರ ಜೊತೆಗೆ ಹವಳದ ಕಥೆಯೂ ಇದೆ. ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಳ್ಳುತ್ತಿದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022, 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಆಯಿತು. 2024ರಲ್ಲಿ ನಮ್ಮ ಲಕ್ಷದ್ವೀಪಕ್ಕೂ ಏಟು ಬಿತ್ತು. ಫೋಟೋ ಯಾವ ವರ್ಷದ್ದು ಅಂತಲೂ ಕೇಳಬೇಕಾಗಿದೆ ಈಗ.

ಕೆಲವರು ಕೆಳಗೆ ಬರೆಯುತ್ತೀರಿ ಅಂತ ಗೊತ್ತು. "ಅಕ್ಕಾ, ನೇತ್ರಾಣಿ ನೀರು ಮಬ್ಬು. ದುಡ್ಡಿದ್ದವರು ದೊಡ್ಡ ಜಾಗಕ್ಕೇ ಹೋಗಲಿ ಬಿಡು, ಜೀವನ ಒಂದೇ ಸಲ." ಮಬ್ಬು ಇರುತ್ತೆ ಕೆಲವು ದಿನ, ಒಪ್ಪುತ್ತೇನೆ. ದೊಡ್ಡ ಜಾಗಕ್ಕೆ ಹೋಗಬೇಡಿ ಅಂತ ನಾನೂ ಹೇಳುತ್ತಿಲ್ಲ. ನನಗೇ ಇಂಡೋನೇಷ್ಯಾದ ರಾಜಾ ಅಂಪತ್ ನೋಡುವ ಆಸೆ ಇದೆ, ಆರ್‌ಡಿ ಕಟ್ಟುತ್ತಿದ್ದೇನೆ. ಆದರೆ ನೀರಿನಲ್ಲಿ ಉಸಿರು ಸ್ಥಿಮಿತಕ್ಕೆ ಬರುವ ಮೊದಲೇ ಅಲ್ಲಿಗೆ ಹೋದವರು ಮಾಸ್ಕ್ ಸರಿ ಮಾಡಿಕೊಳ್ಳುವುದರಲ್ಲೇ ಸಮಯ ಕಳೆಯುತ್ತಾರೆ. ನಮ್ಮೂರಿಂದ 200 ಕಿಲೋಮೀಟರ್ ಚಿಲ್ಲರೆ ದೂರದಲ್ಲಿ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಇದೆ. ಅಲ್ಲಿ ಒಂದು ಗಿಳಿ ಮೀನು ಹವಳವನ್ನು ಕಚ್ಚುವುದನ್ನು ಎರಡು ಮೊಳ ದೂರದಿಂದ ನೋಡಿದ್ದೇನೆ. ನೋಡುವ ಮೊದಲು ಕೇಳಿಸಿತು. ಯಾರೋ ಪಕ್ಕದಲ್ಲಿ ಕೂತು ಹುರಿದ ಕಡಲೆ ಅಗಿದ ಹಾಗೆ, ಕಟಂ ಕಟಂ. ಆಮೇಲೆ ಅದರ ಹಿಂದಿನಿಂದ ಸಣ್ಣ ಮರಳಿನ ಮೋಡ ಉದುರಿತು. ತಿಂದ ಹವಳವೇ ಮರಳಾಗಿ ಹೊರಗೆ ಬರುತ್ತೆ. ಕೈಗೆ ಕಟ್ಟಿದ್ದ ಕೆಂಪು ದಾರ ನೋಡಿಕೊಂಡೆ, ಬೂದಿ ಬಣ್ಣ ಆಗಿತ್ತು. ಕೆಳಗೆ ಹೋದ ಹಾಗೆ ಎಲ್ಲಕ್ಕಿಂತ ಮೊದಲು ಕೆಂಪೇ ಮಾಯ ಆಗುವುದು. ಗದಗ-ಬೆಟಗೇರಿಯಲ್ಲಿ ನಳ ಬಂದ ದಿನ ಕೊಡ ಎಣಿಸುತ್ತಾ ಬೆಳೆದವಳು ನಾನು. ಅಷ್ಟು ನೀರಿನ ನಡುವೆ ಕೂತು ಅವತ್ತು ಮಾಸ್ಕಿನೊಳಗೇ ಅತ್ತಿದ್ದೇನೆ.

ಇಲ್ಲಿ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ. ನನ್ನ ಮೊದಲ ಡೈವ್ ನೇತ್ರಾಣಿಯಲ್ಲಿ ಅಲ್ಲ, ಬೇರೆ ಒಂದು ಕಡೆ. ಅವತ್ತು ನನಗೆ ನೆಗಡಿ ಇತ್ತು. ರೊಕ್ಕ ಕಟ್ಟಿ ಆಗಿತ್ತು, ಅಷ್ಟು ದೂರ ಬಂದಾಗಿತ್ತು. ಆರೋಗ್ಯದ ಫಾರ್ಮ್ ಕೊಟ್ಟವರು "ಎಲ್ಲಾ ಕಡೆ ಇಲ್ಲ ಅಂತ ಟಿಕ್ ಹಾಕಿ, ಬೋಟ್ ಹೊರಡುತ್ತೆ" ಅಂದರು. ನಾನು ಹಾಕಿದೆ. ನೆಗಡಿ ಇದ್ದರೆ ಮೂಗು ಒತ್ತಿ ಗಾಳಿ ತಳ್ಳಿದರೂ ಕಿವಿಯ ಒತ್ತಡ ಸರಿ ಹೋಗುವುದಿಲ್ಲ. ಐದು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗೆ ದಬ್ಬಳ ಚುಚ್ಚಿದ ಹಾಗಾಯಿತು. ಆಗಲೂ ಕೈ ಸನ್ನೆ ಮಾಡದೇ ಸುಮ್ಮನಿದ್ದೆ. ಮೇಲೆ ಬಂದಾಗ ಮಾಸ್ಕಿನಲ್ಲಿ ರಕ್ತ. ಹುಬ್ಬಳ್ಳಿಗೆ ಬಂದು ಕಿವಿ ಡಾಕ್ಟರಿಗೆ ತೋರಿಸಿದರೆ, "ಅಷ್ಟು ಅವಸರ ಏನಿತ್ತರೀ ನಿಮಗ?" ಅಂದರು. ಆರು ವಾರ ಎಡಗಿವಿ ಸರಿಯಾಗಿ ಕೇಳಿಸಲಿಲ್ಲ. ಬ್ಯಾಂಕಿನ ನನ್ನ ಕೌಂಟರಿಗೆ ಬಂದವರಿಗೆಲ್ಲ ಈ ಕಡೆ ಬಂದು ಮಾತಾಡಿ ಅನ್ನುತ್ತಿದ್ದೆ. ಕೇಳದೇ ಕಳಿಸಿದ್ದು ಅವರ ತಪ್ಪು, ಮುಚ್ಚಿಟ್ಟದ್ದು ನನ್ನ ತಪ್ಪು. ನಿನ್ನೆ ಆ ಇಬ್ಬರು ಮಕ್ಕಳನ್ನು ನೋಡಿದಾಗ ಇದೆಲ್ಲಾ ಕಣ್ಣ ಮುಂದೆ ಬಂತು.

ಹಾಗಂತ ಜುಲೈಯಲ್ಲೇ ರಜೆ ಇರುವವರಿಗೆ ದಾರಿ ಇಲ್ಲ ಅಂತಲ್ಲ. ಥಾಯ್ಲೆಂಡಿನ ಪಶ್ಚಿಮಕ್ಕಿರುವ ಸಿಮಿಲನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ. ಅದೇ ದೇಶದ ಪೂರ್ವಕ್ಕಿರುವ ಕೋ ತಾವೋದಲ್ಲಿ ಜುಲೈಯಲ್ಲೂ ಡೈವ್ ನಡೆಯುತ್ತೆ, ಹೊಸಬರು ಕೋರ್ಸ್ ಮಾಡಲು ಹೋಗುವ ಊರೇ ಅದು. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಮಳೆ ಕಡಿಮೆ ಇರುವ ಕಾಲ. ಅಲ್ಲಿ ತುಲಾಂಬೆನ್ ಅನ್ನುವ ಹಳ್ಳಿಯ ದಂಡೆಯ ಹತ್ತಿರವೇ ಅಮೆರಿಕದ ಲಿಬರ್ಟಿ ಹಡಗು ಮುಳುಗಿ ಬಿದ್ದಿದೆ. 1942ರಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟು ತಿಂದು ದಂಡೆ ಸೇರಿತ್ತು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಮೇಲಿನ ಭಾಗ ಐದಾರು ಮೀಟರ್ ಆಳದಲ್ಲೇ ಸಿಗುತ್ತೆ. ದೋಣಿ ಬೇಡ, ದಂಡೆಯಿಂದಲೇ ಇಳಿಯಬಹುದು. ಆ ಟಾಪ್ 10 ಹಾಳೆಯಲ್ಲಿ ತುಲಾಂಬೆನ್ ಇಲ್ಲ, ಕೋ ತಾವೋ ಇಲ್ಲ.

ನಿನ್ನೆ ಅಡ್ವಾನ್ಸ್ ಕಟ್ಟದೇ ಎದ್ದು ಬಂದೆವು. ಹುಡುಗ ದಾರಿಯುದ್ದಕ್ಕೂ ಮುಖ ಸಣ್ಣದು ಮಾಡಿಕೊಂಡಿದ್ದ. ಬಸ್ ಹತ್ತುವಾಗ ಅವನ ಹೆಂಡತಿ ನನ್ನ ಕೈ ಹಿಡಿದು, "ಅತ್ತೀ, ನನಗ ಈಜು ಬರಂಗಿಲ್ರಿ. ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದಳು. ನಾಳೆಯಿಂದ ಗದಗಿನಲ್ಲಿ ಈಜುಕೊಳಕ್ಕೆ ಹೋಗುತ್ತಾಳಂತೆ. ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ನವೆಂಬರ್‌ವರೆಗೆ ಸಮಯ ಇದೆ.

ನವೆಂಬರ್‌ನಲ್ಲಿ ಮೂವರೂ ನೇತ್ರಾಣಿಗೆ ಹೋಗುತ್ತಿದ್ದೇವೆ. ಹುಬ್ಬಳ್ಳಿ-ಧಾರವಾಡದಿಂದ ಯಾರಾದರೂ ಬರುವವರಿದ್ದರೆ ತಿಳಿಸಿ. ಡೈವ್ ಆದ ದಿನ ಮುರ್ಡೇಶ್ವರದಲ್ಲೇ ಉಳಿಯುತ್ತೇವೆ, ಘಾಟ್ ಹತ್ತುವುದು ಮಾರನೇ ದಿನ. ಅವತ್ತು ಬೆಳಗ್ಗೆ ಯಾರಿಗಾದರೂ ನೆಗಡಿ ಇದ್ದರೆ ಮುಚ್ಚಿಡಬೇಡಿ. ನಿಮ್ಮ ರೊಕ್ಕ ನಾನು ಕೊಡುತ್ತೇನೆ, ಇಬ್ಬರೂ ದಂಡೆ ಮೇಲೆ ಕೂತಿರೋಣ.