ಎದ್ದುಬಿದ್ದು ನಗಿಸುವುದು ಗಂಡಸರ ಸೊತ್ತೇ?

ಅಮೆರಿಕದ ಟಿವಿ ಹಾಸ್ಯ ಧಾರಾವಾಹಿಗಳಲ್ಲಿ ಗಂಡಸರು ಯಾವುದನ್ನು ನೋಡುತ್ತಾರೆ, ಹೆಂಗಸರು ಯಾವುದನ್ನು ನೋಡುತ್ತಾರೆ ಎಂದು ಎಣಿಸುವ ಲೇಖನವೊಂದನ್ನು ಓದಿದೆ. ಎಡವಿ ಬೀಳುವ ಹಾಸ್ಯ ಗಂಡಸರಿಗೆ, ಮಾತಿನ ಹಾಸ್ಯ ಹೆಂಗಸರಿಗೆ ಎಂದು ಅದರ ಲೇಖಕರು ಗೆರೆ ಎಳೆದುಬಿಟ್ಟಿದ್ದಾರೆ. ಹಾಗಾದರೆ ‘ಐ ಲವ್ ಲೂಸಿ’ಯನ್ನು ಯಾವ ಕಡೆಗೆ ಹಾಕುತ್ತಾರೆ? 1952ರ ಚಾಕೊಲೇಟ್ ಕಾರ್ಖಾನೆಯ ದೃಶ್ಯವನ್ನೇ ನೋಡಿ. ಬೆಲ್ಟಿನ ಮೇಲೆ ಒಂದರ ಹಿಂದೊಂದು ಓಡಿಬರುವ ಚಾಕೊಲೇಟುಗಳನ್ನು ಸುತ್ತಿ ಮುಗಿಸಲಾಗದೆ ಲೂಸಿ ಮತ್ತು ಎಥೆಲ್ ಬಾಯಿಗೆ, ಟೋಪಿಗೆ, ಅಂಗಿಯೊಳಕ್ಕೆ ತುರುಕುತ್ತಾರೆ. ಅಪ್ಪಟ ಅಂಗಚೇಷ್ಟೆಯ ಹಾಸ್ಯ. ಮಾಡಿದವರು ಇಬ್ಬರು ಹೆಂಗಸರು. ಬರೆದವರಲ್ಲೂ ಮ್ಯಾಡೆಲಿನ್ ಪ್ಯೂ ಎಂಬ ಹೆಂಗಸು ಇದ್ದರು. ಇನ್ನು ‘ಸೈನ್‌ಫೆಲ್ಡ್’ಗೆ ನಾಲ್ವರು ಮೇಜಿನ ಸುತ್ತ ಕುಳಿತು ಹರಟುವುದೇ ಜೀವಾಳ. ಲೇಖನದ ಲೆಕ್ಕದಲ್ಲಿ ಅದು ಹೆಂಗಸರ ಧಾರಾವಾಹಿಯಾಗಬೇಕಿತ್ತು!

ವ್ಯತ್ಯಾಸವೇ ಇಲ್ಲ ಎನ್ನುತ್ತಿಲ್ಲ. 1950ರ ದಶಕದ ‘ದಿ ಹನಿಮೂನರ್ಸ್’ನಲ್ಲಿ ಬಸ್ ಚಾಲಕ ರಾಲ್ಫ್ ಹೆಂಡತಿ ಆಲಿಸ್‌ಳತ್ತ ಮುಷ್ಟಿ ಬಿಗಿದು, ಒಂದೇ ಏಟಿಗೆ ಚಂದ್ರನಲ್ಲಿಗೆ ಕಳಿಸುತ್ತೇನೆ ಎಂದು ಗದರುತ್ತಾನೆ. ನನ್ನ ಯಜಮಾನರಿಗೆ ಆ ಬಡಾಯಿ ಕೇಳಿದೊಡನೆ ನಗು. ನನಗೋ ಮುಷ್ಟಿ ಕಂಡೊಡನೆ ನಗು ಗಂಟಲಲ್ಲೇ ನಿಲ್ಲುತ್ತದೆ; ಆಲಿಸ್ ಒಂದಿಷ್ಟೂ ಕದಲದೆ ಅವನನ್ನು ದಿಟ್ಟಿಸಿ ನಿಂತಾಗಲೇ ಅದು ಹೊರಬರುವುದು. ದೃಶ್ಯ ಇಬ್ಬರಿಗೂ ಇಷ್ಟವೇ, ನಗುವ ಜಾಗ ಮಾತ್ರ ಬೇರೆ. ಯಾರು ಯಾವುದನ್ನು ನೋಡುತ್ತಾರೆ ಎಂದು ಎಣಿಸುವ ಬದಲು ಯಾರು ಎಲ್ಲಿ ನಗುತ್ತಾರೆ ಎಂದು ಲೇಖಕರು ಕೇಳಬೇಕಿತ್ತು.

ಅಂದಹಾಗೆ, ವಯಸ್ಸಾದ ನಾಲ್ವರು ಹೆಂಗಸರ ಕಥೆಯಾದ ‘ದಿ ಗೋಲ್ಡನ್ ಗರ್ಲ್ಸ್’ ಹೆಂಗಸರ ಸರಕು ಎಂದೂ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಅದರಲ್ಲಿನ ಮುದುಕಿ ಸೋಫಿಯಾಳ ಕಟಕಿ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುವವರು ನನ್ನ ಮಾವ.