ನೋವಿಲ್ಲದ ಸರ್ಜರಿ, ಯಾರಿಗೆ?

ಮಂಗಳೂರಿನ ಪಂಪ್‌ವೆಲ್ ಹತ್ತಿರದ ಹೋರ್ಡಿಂಗ್ ನೀವೂ ನೋಡಿದ್ದೀರಿ. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪರದೆ ನೋಡುತ್ತ ಮಾಡುವ ಲ್ಯಾಪರೊಸ್ಕೋಪಿಕ್ ಸರ್ಜರಿಯ ಜಾಹೀರಾತು. 'ನೋವಿಲ್ಲ, ದೊಡ್ಡ ಗಾಯವಿಲ್ಲ, ನಾಳೆಯೇ ಮನೆಗೆ.' ಪಕ್ಕದಲ್ಲಿ ಕೈಕಟ್ಟಿ ನಗುವ ಡಾಕ್ಟರು. ಕೈ ಕಟ್ಟಿದ್ದು ಸ್ಟೈಲಿಗಲ್ಲ ಮಾರಾಯ್ರೆ, ಭುಜ ಎತ್ತಲಿಕ್ಕೆ ಆಗುವುದಿಲ್ಲ.

ಅಂಥದೊಂದು ಆಸ್ಪತ್ರೆ ಈಗ ಸರ್ಜನ್‌ಗಳಿಗೆ ಒತ್ತಡ ನಿವಾರಣಾ ಶಿಬಿರ ಇಟ್ಟಿದೆಯಂತೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಹಾಜರಿ ಕಡ್ಡಾಯ. ಎಂಥ ಕಾಳಜಿ! ಶವಾಸನದಲ್ಲಿ ಗೊರಕೆ ಹೊಡೆದರೆ ಮೆಮೋ ಉಂಟೋ ಏನೋ.

ನನ್ನ ಪಿತ್ತಕೋಶ ತೆಗೆದ ಡಾಕ್ಟರು ಮರುದಿನ ರೌಂಡ್ಸಿಗೆ ಬಂದದ್ದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು. ಹೊಟ್ಟೆಯಲ್ಲಿ ನಾಲ್ಕು ತೂತಿದ್ದ ನಾನು ಇಡ್ಲಿ ತಿನ್ನುತ್ತಿದ್ದೆ. "ಹೇಗಿದ್ದೀರಿ?" ಎಂದು ಮೊದಲು ಕೇಳಿದ್ದು ನಾನೇ.

ಅವರ ಪಾಡು ಕೇಳಿ. ಒಂದಡಿಗಿಂತ ಉದ್ದದ ಸಲಕರಣೆ, 5 ಮಿಲಿಮೀಟರ್ ತೂತು. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ. ಪರದೆಯಲ್ಲಿ ಆಳ ಕಾಣುವುದಿಲ್ಲ, ಬೆರಳಿಗೆ ಸ್ಪರ್ಶ ಸರಿಯಾಗಿ ಸಿಗುವುದಿಲ್ಲ. ಪಿತ್ತಕೋಶದ ನಾಳವೆಂದು ಪಕ್ಕದ ಮುಖ್ಯ ನಾಳಕ್ಕೆ ಕತ್ತರಿ ಹಾಕಿದರೆ ಮುಗಿಯಿತು. ಅಷ್ಟೂ ಹೊತ್ತು ತಲೆಯಲ್ಲಿ ಅದೊಂದೇ.

ಹಂಪನಕಟ್ಟೆಯ ಸೆಲೂನಿನ ಕುರ್ಚಿ ನೋಡಿ. ಕಾಲಲ್ಲಿ ಒತ್ತಿದರೆ ಏರುತ್ತದೆ, ಇಳಿಯುತ್ತದೆ. ನನ್ನ ತಲೆಯಲ್ಲಿ ಉಳಿದ ನಾಲ್ಕು ಕೂದಲಿಗೆ ಇಷ್ಟು ಏರ್ಪಾಟು! ಅಲ್ಲಿಯ ಅಣ್ಣ ಒಂದು ದಿನವೂ ಸ್ಟೂಲ್ ಹತ್ತಿ ಕತ್ತರಿ ಆಡಿಸಿದವನಲ್ಲ. ಕತ್ತರಿಯೂ ಅವನದೇ ಆಯ್ಕೆ. ಆಪರೇಷನ್ ಥಿಯೇಟರಿನಲ್ಲಿ, ಒಳಗೆ ಜಾಗ ಮಾಡಲು ಗ್ಯಾಸ್ ತುಂಬಿದ ಹೊಟ್ಟೆ ಬಲೂನಿನಂತೆ ಏಳುತ್ತದೆ. ಓಪನ್ ಸರ್ಜರಿಯ ಕಾಲದ ಟೇಬಲ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಡಾಕ್ಟರು ಸ್ಟೂಲ್ ಹತ್ತಬೇಕು. ಕುಳ್ಳಗಿನ ಡಾಕ್ಟರಮ್ಮನಿಗೆ ಎರಡು ಸ್ಟೂಲ್. ಸುಟ್ಟು ಕತ್ತರಿಸುವ ಸಲಕರಣೆಗೆ ಕಾಲಲ್ಲಿ ಒತ್ತುವ ಪೆಡಲ್ ಮಾತ್ರ ನೆಲದಲ್ಲೇ! ಸಲಕರಣೆಯ ಹಿಡಿಕೆ ಆರೂವರೆ ಸೈಜಿನ ಗ್ಲೌಸಿನ ಕೈಗೂ ಎಂಟರ ಕೈಗೂ ಒಂದೇ ಅಳತೆ. ಹೆಬ್ಬೆರಳು ಜೋಮು ಹಿಡಿದರೆ ಅದು ಹೆಬ್ಬೆರಳಿನ ತಪ್ಪು.

ಜರ್ಮನಿಯ ಸರ್ಜನ್ ಎರಿಖ್ ಮ್ಯೂಹೆ ಮೊದಲ ಸಲ ಹೀಗೆ ಪಿತ್ತಕೋಶ ತೆಗೆದದ್ದು 1985ರಲ್ಲಿ. ಆಮೇಲೆ ವರ್ಷಗಟ್ಟಲೆ ಕುಂಟಿದ ನಮ್ಮ ಪಂಪ್‌ವೆಲ್ ಫ್ಲೈಓವರ್ ಕೂಡ ಮುಗಿಯಿತು, ಟೇಬಲ್ ಇನ್ನೂ ಇಳಿದಿಲ್ಲ.

ತಮಾಷೆ ಸಾಕು. ಪರದೆಯನ್ನು ಕಣ್ಣಿಗಿಂತ ತುಸು ಕೆಳಗಿಡಿ. ನಡುವೆ ಎರಡು ನಿಮಿಷ ಕುತ್ತಿಗೆ ಆಡಿಸಲು ಬಿಡಿ. ದಿನದ ಲಿಸ್ಟಿನಿಂದ ಎರಡು ಕೇಸ್ ತೆಗೆಯಿರಿ. ಇದಕ್ಕೆ ಗುರೂಜಿ ಯಾಕೆ? ಲಿಸ್ಟ್ ಮಾಡುವವರ ಕುರ್ಚಿಗೆ ಮಾತ್ರ ತಲೆದಿಂಬು ಉಂಟು, ನಾನೇ ನೋಡಿದ್ದೇನೆ.

"ಎರಡು ವಾರ ಭಾರ ಎತ್ತಬೇಡಿ" ಎಂದು ಡಾಕ್ಟರು ಚೀಟಿ ಬರೆದರು. ಬರೆಯುವಾಗ ಪೆನ್ನು ಎರಡು ಸಲ ಕೈಜಾರಿತು. ಹೆಕ್ಕಿ ಕೊಟ್ಟದ್ದು ನಾನು.