ಬಸ್ಸಾರು, ಪಲ್ಯ, ಮುದ್ದೆ: ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ

ರಾತ್ರಿ ಊಟಕ್ಕೆ ಸಾರೂ ಬೇಕು, ಪಲ್ಯವೂ ಬೇಕು, ಆದರೆ ಹೊತ್ತಿಲ್ಲ ಅನ್ನುವ ಮನೆಗಳಿಗೆ ಬಸ್ಸಾರಿಗಿಂತ ಒಳ್ಳೆಯ ಅಡುಗೆ ಇಲ್ಲ. ಮಂಡ್ಯ, ಮೈಸೂರು, ಹಾಸನ, ತುಮಕೂರು, ಕೋಲಾರದ ಕಡೆ ಇದು ವಾರದಲ್ಲಿ ಒಂದೆರಡು ಸಲ ಆಗುವ ಊಟ. ಬೇಳೆ, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ; ಉಳಿದದ್ದು ಪಲ್ಯಕ್ಕೆ. ಸೊಪ್ಪಿನ ಸತ್ವ ಎಷ್ಟೋ ಪಾಲು ಬೇಯಿಸಿದ ನೀರಿಗೆ ಇಳಿದಿರುತ್ತದೆ. ಆ ನೀರನ್ನು ಸಿಂಕಿಗೆ ಚೆಲ್ಲಿ, ಆಮೇಲೆ ಬೇರೆ ನೀರಿಗೆ ಪ್ಯಾಕೆಟ್ ಪುಡಿ ಹಾಕಿ ಸಾರು ಕುದಿಸುವುದು ನನಗಂತೂ ಒಪ್ಪಿಗೆಯಿಲ್ಲ.

ನಾಲ್ಕು ಜನಕ್ಕೆ ಲೆಕ್ಕ ಹೇಳುತ್ತೇನೆ. ಲೋಟ ಅಂದರೆ 200 ಮಿಲಿಯದು.

ತೊಗರಿಬೇಳೆ 1 ಲೋಟ, ಅರ್ಧ ಗಂಟೆ ನೆನೆದಿರಲಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ನೆನೆಸುವುದನ್ನು ಬಿಡಲೇಬೇಡಿ, ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಸಾಧ್ಯವಾದರೆ ಕುಡಿಯುವ ನೀರನ್ನೇ ಬಳಸಿ. 6 ಲೋಟ ನೀರು ಕುದಿಸಿ ಬೇಳೆ, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ, ಮುಚ್ಚಳ ಓರೆ ಮಾಡಿ ಬೇಯಿಸಿ. 20ರಿಂದ 25 ನಿಮಿಷ ಹಿಡಿಯುತ್ತದೆ. ಬೆರಳಲ್ಲಿ ಒತ್ತಿದರೆ ಬೇಳೆ ಒಡೆಯಬೇಕು, ಆದರೆ ಪಾತ್ರೆಯಲ್ಲಿ ತಾನಾಗಿ ಕರಗಿರಬಾರದು. ಇಡೀ ಅಡುಗೆ ನಿಂತಿರುವುದು ಈ ಹದದ ಮೇಲೆ. ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿದರೆ ಬೇಳೆ ಹಿಟ್ಟಾಗಿ ಕಟ್ಟು ಗಂಜಿಯಾಗುತ್ತದೆ, ಪಲ್ಯ ಮುದ್ದೆ ಮುದ್ದೆಯಾಗುತ್ತದೆ. ಅದನ್ನು ಮಸೆದು ಮಸ್ಸೊಪ್ಪು ಮಾಡಿಕೊಳ್ಳಬಹುದು ಅಷ್ಟೆ. ಕುಕ್ಕರೇ ಬೇಕೆಂದರೆ ನೆನೆದ ಬೇಳೆಗೆ ಒಂದೇ ವಿಷಲ್ ಸಾಕು. ಸೊಪ್ಪನ್ನು ಮುಚ್ಚಳ ತೆಗೆದ ಮೇಲೆ ಹಾಕಿ.

ಸೊಪ್ಪು ಬಿಡಿಸಿದ ಮೇಲೆ ಸುಮಾರು 300 ಗ್ರಾಂ ಇರಲಿ. ಮುಕ್ಕಾಲು ಪಾಲು ದಂಟಿನ ಸೊಪ್ಪು, ಕಾಲು ಪಾಲು ಸಬ್ಬಸಿಗೆ ನನ್ನ ಮೊದಲ ಆಯ್ಕೆ. ಮೆಂತ್ಯ ಹಾಕುವುದಾದರೆ ಒಂದು ಹಿಡಿ ಮಾತ್ರ, ಇಲ್ಲದಿದ್ದರೆ ಸಾರಿಗೆ ಕಹಿ ಹತ್ತುತ್ತದೆ. ಪಾಲಕ್ ಬೇಡ, ಬಸಿಯುವ ಹೊತ್ತಿಗೆ ಲೋಳೆಯಾಗಿರುತ್ತದೆ. ಸೊಪ್ಪನ್ನು ಮೂರು ಸಲ ತೊಳೆದು ಆಮೇಲೆ ಹೆಚ್ಚಿ. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು, ಒಂದು ಚಮಚ ಉಪ್ಪು ಹಾಕಿ, ಮುಚ್ಚದೆ 7-8 ನಿಮಿಷ ಬೇಯಿಸಿ. ತೂತಿನ ಪಾತ್ರೆಗೆ ಸುರಿದು ಕೆಳಗೆ ಕಟ್ಟು ಹಿಡಿಯಿರಿ. 4 ಲೋಟದಷ್ಟು ಸಿಗಬೇಕು. ಕಮ್ಮಿ ಬಂದರೆ ಬಿಸಿನೀರು ಸೇರಿಸಿ.

ಬೇಳೆ ಬೇಯುವಾಗಲೇ ಮಸಾಲೆ ಹುರಿದುಕೊಳ್ಳಿ. ಒಂದು ಚಮಚ ಎಣ್ಣೆಯಲ್ಲಿ 6 ಬ್ಯಾಡಗಿ ಮೆಣಸಿನಕಾಯಿ, 2 ಗುಂಟೂರು ಮೆಣಸಿನಕಾಯಿ ಸಣ್ಣ ಉರಿಯಲ್ಲಿ ಗರಿಗರಿ ಮಾಡಿ ತೆಗೆದಿಡಿ. ಕಪ್ಪಾದರೆ ಎಸೆದು ಬೇರೆ ಹುರಿಯಿರಿ, ಆ ಕಹಿಯನ್ನು ಹುಳಿ ಬೆಲ್ಲ ಯಾವುದೂ ಮುಚ್ಚುವುದಿಲ್ಲ. ಅದೇ ಬಾಣಲೆಗೆ ಒಂದೂವರೆ ದೊಡ್ಡ ಚಮಚ ಧನಿಯ, 1 ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು. ಘಮ ಬಂದಮೇಲೆ ಒಂದು ಈರುಳ್ಳಿ, 8 ಎಸಳು ಬೆಳ್ಳುಳ್ಳಿ ಹಾಕಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಆರಿದ ಮೇಲೆ 4 ದೊಡ್ಡ ಚಮಚ ತೆಂಗಿನತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರಿ ಕೈ ಸುಡುತ್ತದೆ. ಕೊನೆಗೆ ಬಸಿದ ಬೇಳೆ-ಸೊಪ್ಪಿನಿಂದ ಎರಡು ದೊಡ್ಡ ಚಮಚ ತೆಗೆದು ಮಸಾಲೆಯ ಜೊತೆಗೇ ನುಣ್ಣಗೆ ರುಬ್ಬಬೇಕು. ಇದನ್ನು ಬಿಟ್ಟರೆ ಸಾರಿನಲ್ಲಿ ನೀರೇ ಬೇರೆ, ಮಸಾಲೆಯೇ ಬೇರೆ ಆಗಿ ನಿಲ್ಲುತ್ತದೆ.

ಸಾಸಿವೆ, ಕರಿಬೇವು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿಯ ಒಗ್ಗರಣೆಗೆ ಮಸಾಲೆ ಹಾಕಿ ಎರಡು ನಿಮಿಷ ಬಾಡಿಸಿ, ಕಟ್ಟು ಹೊಯ್ದು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಬಸ್ಸಾರು ತೆಳ್ಳಗೇ ಇರಬೇಕು. ಸಾಂಬಾರಿನಂತೆ ಗಟ್ಟಿಯಾದರೆ ಮುದ್ದೆಗೆ ಸರಿಹೋಗುವುದಿಲ್ಲ.

ಪಲ್ಯಕ್ಕೆ ಹೆಚ್ಚು ಹೇಳುವುದಿಲ್ಲ. ಸಾಸಿವೆ, ಮೂರು ಒಣಮೆಣಸಿನಕಾಯಿ, ಕರಿಬೇವು, ಈರುಳ್ಳಿ ಒಗ್ಗರಣೆ ಮಾಡಿ, ಬಸಿದ ಬೇಳೆ-ಸೊಪ್ಪು ಹಾಕಿ, ನೀರಿನಂಶ ಆರಿದ ಮೇಲೆ ಕಾಯಿತುರಿ ಉದುರಿಸಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಬೇಯುವಾಗಲೇ ಸ್ವಲ್ಪ ಹಿಡಿದಿರುತ್ತದೆ.

ಇನ್ನು ಮುದ್ದೆ. ಬಹಳ ಜನ ಹೆದರುವುದು ಇಲ್ಲಿ. ರಾಗಿಯಲ್ಲಿ ಗೋಧಿಯ ಹಾಗೆ ನಾದಿದರೆ ಬರುವ ಜಿಗುಟಿಲ್ಲ. ಹಿಟ್ಟು ಕುದಿನೀರಿನಲ್ಲಿ ಚೆನ್ನಾಗಿ ಬೆಂದರಷ್ಟೇ ಹಿಡಿದುಕೊಳ್ಳುತ್ತದೆ. ಹಿಟ್ಟು 2 ಲೋಟ, ನೀರು ಮೂರೂವರೆ ಲೋಟ. ಒಂದು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಅದೇ ನೀರಿಗೆ ಹಾಕಿ, ಚಿಟಿಕೆ ಉಪ್ಪಿನೊಂದಿಗೆ ಮರಳಿಸಿ. ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ಮಧ್ಯಕ್ಕೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಕಲಕದೆ 5-6 ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಅವಸರಪಟ್ಟು ಮೊದಲೇ ಕಲಕಿದರೆ ಒಣಹಿಟ್ಟಿನ ಸುತ್ತ ಪದರ ಕಟ್ಟಿ ಗಂಟಾಗುತ್ತದೆ. ಒಳಗಿನ ಗಂಟು ಆಮೇಲೆ ಎಷ್ಟು ತಿರುವಿದರೂ ಬೇಯುವುದಿಲ್ಲ. ಹೊತ್ತಾದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಲ್ಲೋ ದಪ್ಪ ಬಟ್ಟೆಯಲ್ಲೋ ಅಲುಗದಂತೆ ಹಿಡಿದು, ಅಂಚಿಗೆ ಒತ್ತಿ ಒತ್ತಿ ತಿರುವಿ. ಗಟ್ಟಿ ಅನ್ನಿಸಿದರೆ ಕುದಿನೀರನ್ನೇ ಚಿಮುಕಿಸಿ, ತಣ್ಣೀರು ಬೇಡ. ಮತ್ತೆ ಮುಚ್ಚಿ 2 ನಿಮಿಷ ಸಣ್ಣ ಉರಿಯಲ್ಲಿ ಇಡಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಒದ್ದೆ ಮಣೆಯ ಮೇಲೆ ಬಿಸಿಯಲ್ಲೇ ಉಂಡೆ ಕಟ್ಟಿ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ‘ಇಂಡಾಫ್’ ಎಂಬ ರಾಗಿ ತಳಿಗಳನ್ನು ಕೊಟ್ಟ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ಅಷ್ಟು ಶ್ರಮಪಟ್ಟ ಧಾನ್ಯ ಇದು. ನಮ್ಮ ಮಕ್ಕಳ ತಟ್ಟೆಯಲ್ಲಿ ಇರಲೇಬೇಕು.

ಎಂಟಕ್ಕೆ ಊಟ ಅಂದರೆ ಏಳಕ್ಕೆ ಬೇಳೆ ಒಲೆಯ ಮೇಲಿರಲಿ, ಮುದ್ದೆ ಎಲ್ಲಕ್ಕಿಂತ ಕೊನೆಗೆ. ಉಳಿದ ಸಾರನ್ನು ಮಾರನೆಯ ದಿನ ಕುದಿಸಿಕೊಂಡರೆ ಇನ್ನೂ ರುಚಿ. ಮುದ್ದೆ ಉಳಿದರೆ ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಕುಡಿಯಿರಿ.